ಕಾಕಾನ ಕಿವಿಯೊಳಗಿನ ಕಂಡಕ್ಟರ್

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೊರಟಿದ್ದ ಬಸ್ಸು ಒಂದು ಮಧ್ಯಾಹ್ನ ನಡುದಾರಿಯಲ್ಲಿ ಗಕ್ಕನೆ ನಿಂತಿತು. ಇಳಿಯುವವರಿಲ್ಲ, ಹತ್ತುವವರಿಲ್ಲ, ಎರಡೂ ಬದಿಗೆ ಬರೀ ಕಬ್ಬು. ಡ್ರೈವರ್ ಹಿಂದೆ ತಿರುಗಿ, "ಸೀಟಿ ಯಾಕ ಹೊಡದ್ಯೋ ಮಾರಾಯಾ?" ಅಂದ. ಕಂಡಕ್ಟರ್ ಅಂಗಿಯ ಕಿಸೆ ಮುಟ್ಟಿಕೊಂಡು, "ಇಲ್ಲೇ ಐತಿ ನೋಡು, ಬಾಯಿಗೇ ಹಚ್ಚಿಲ್ಲ" ಅಂದ. ಅಷ್ಟರಲ್ಲಿ ಇನ್ನೊಂದು ಸೀಟಿ. ಇಡೀ ಬಸ್ಸು ಕಿವಿ ನಿಮಿರಿಸಿಕೊಂಡು ಹುಡುಕಿದಾಗ ಸಿಕ್ಕವನು ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಯ ಗಾಜಿಗೆ ತಲೆ ಆನಿಸಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ ನಮ್ಮ ಕಾಕಾ. ಸೀಟಿ ಅವನ ಬಲಗಿವಿಯದು. ಬಸ್ಸಿನಲ್ಲಿದ್ದ ಐವತ್ತು ಮಂದಿಗೆ ಕೇಳಿಸಿದ ಆ ಸದ್ದು ಕೇಳಿಸದೆ ಇದ್ದದ್ದು ಒಬ್ಬನಿಗೆ ಮಾತ್ರ, ಅದರ ಮಾಲಕನಿಗೆ.

ಇದರಲ್ಲಿ ಕಾಕಾನ ತಪ್ಪಿಲ್ಲ. ಮುಪ್ಪಿನ ಕಿವುಡು ಮೊದಲು ನುಂಗುವುದು ತಾರಕದ ಸ್ವರಗಳನ್ನು. ಹಕ್ಕಿಯ ಚಿಲಿಪಿಲಿ, ಮೊಮ್ಮಗಳ ಮಾತು, ಕುಕ್ಕರಿನ ಸೀಟಿ, ಎಲ್ಲ ಆ ಮೇಲಿನ ಅಂತಸ್ತಿನ ಬಾಡಿಗೆದಾರರು. ಕಿವಿ ಮಷಿನ್ನು ಕುಂಯ್‌ಗುಡುವುದೂ ಅದೇ ಅಂತಸ್ತಿನಲ್ಲಿ. ಹೀಗಾಗಿ ಮಷಿನ್ನು ಹಾಕಿಕೊಂಡವನು ಆರಾಮಾಗಿ ಇರುತ್ತಾನೆ, ಮನೆಯವರೆಲ್ಲ ಕಿವಿ ಮುಚ್ಚಿಕೊಂಡು ಓಡಾಡುತ್ತಾರೆ. "ಇಷ್ಟ ವರ್ಷ ಅವರಿಗೆ ಕೇಳಿಸ್ತಿರಲಿಲ್ಲ, ಈಗ ನಮಗ ಕೇಳಬಾರದ್ದ ಕೇಳಸಾಕತ್ತೈತಿ" ಅಂತ ಕಾಕೂನ ದೂರು.

ಕಾಕಾನ ಕಿವಿ ಹೇಗೆ ಹೋಯಿತು ಅನ್ನುವುದಕ್ಕೆ ತನಿಖೆ ಬೇಕಿಲ್ಲ. ಅರ್ಧ ಆಯುಷ್ಯ ಟ್ರ್ಯಾಕ್ಟರ್ ಮೇಲೆ. ಕಬ್ಬಿನ ಹಂಗಾಮು ಬಂತೆಂದರೆ ಹಿಂದೆ ಎರಡು ಟ್ರೇಲರ್ ಕಬ್ಬು, ನೆತ್ತಿಯ ಮೇಲೆ ಎರಡು ಸೌಂಡ್ ಬಾಕ್ಸು, ರಾತ್ರಿಯೆಲ್ಲ ಹಾಡು ಹಚ್ಚಿಕೊಂಡು ಉಗಾರದ ಫ್ಯಾಕ್ಟರಿ ಮುಂದೆ ಪಾಳಿ. ಉಳಿದರ್ಧಕ್ಕೆ ಡಾಲ್ಬಿ. ನಮ್ಮ ಕಡೆಯ ಡಾಲ್ಬಿ ಗೊತ್ತಲ್ಲ? ಪರದೇಶದ ಆ ಕಂಪನಿಗೆ ತನ್ನ ಹೆಸರು ನಿಪ್ಪಾಣಿ-ರಾಯಬಾಗ-ಅಥಣಿಯ ಮದುವೆ ಮೆರವಣಿಗೆಗಳಲ್ಲಿ ಎಷ್ಟು ದೊಡ್ಡದಾಗಿದೆ ಅನ್ನುವ ಸುದ್ದಿ ಮುಟ್ಟಿರಲಿಕ್ಕಿಲ್ಲ. ಆಳೆತ್ತರದ ಬಾಕ್ಸುಗಳನ್ನು ಗೋಡೆಯಂತೆ ಪೇರಿಸಿ ಎದೆಯ ಎಲುಬು ನಡುಗುವಂತೆ ಬಾರಿಸಿದರೆ ಅದು ಡಾಲ್ಬಿ, ಯಾವ ಕಂಪನಿಯದಾದರೂ ಸರಿ.

ಮಷಿನ್ನು ಬಂದ ಹೊಸದರಲ್ಲಿ ಕಾಕಾ ಅದನ್ನು ಚಂಚಿಯಲ್ಲಿ ಇಡುತ್ತಿದ್ದ. ಒಂದು ಖಾನೆಯಲ್ಲಿ ನಿಪ್ಪಾಣಿ ತಂಬಾಕು, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಮಷಿನ್ನು. ಎಂಟು ದಿನಕ್ಕೆ ಅದು ಮೂಕಾಯಿತು. ಕಿವಿಯೊಳಗೆ ಕೂರುವ ಅಚ್ಚಿನ, ಅಂದರೆ ಮೋಲ್ಡಿನ, ಸಣ್ಣ ತೂತಿನಲ್ಲಿ ತಂಬಾಕಿನ ಪುಡಿ ಗಿಡಿದು ಕೂತಿತ್ತು. ಮಷಿನ್ನಿನಿಂದ ಮೋಲ್ಡನ್ನು ನಳಿಗೆ ಸಮೇತ ಬಿಡಿಸಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ನಳಿಗೆಯಲ್ಲಿ ಉಳಿದ ಹನಿಯನ್ನು ಗಾಳಿ ಒತ್ತುವ ಸಣ್ಣ ರಬ್ಬರ್ ಚೆಂಡಿನಿಂದ ಊದಿ ತೆಗೆದ ಮೇಲೆ ಸರಿಹೋಯಿತು. ಮಷಿನ್ನನ್ನು ಮಾತ್ರ ನೀರಿಗೆ ಹಾಕಬಾರದು. ಸೊಸೆ ಅದನ್ನೂ ಹಾಕಲು ಹೊರಟಿದ್ದಳು, ತಡೆದದ್ದು ಮೊಮ್ಮಗ. ಅದೇ ಮೊಮ್ಮಗ ಮಾರನೆಯ ದಿನ ಆರು ಬ್ಯಾಟರಿಗಳ ಕಿತ್ತಳೆ ಸ್ಟಿಕರನ್ನೂ ಕಿತ್ತು ತನ್ನ ಹಣೆಗೆ ಅಂಟಿಸಿಕೊಂಡ. ಆ ಬ್ಯಾಟರಿ ಗಾಳಿ ಕುಡಿದು ಕೆಲಸ ಮಾಡುವ ಜಾತಿ. ಸ್ಟಿಕರ್ ಕಿತ್ತ ಗಳಿಗೆಯಿಂದ ಅದರ ಆಯುಷ್ಯದ ಎಣಿಕೆ ಶುರು, ನೀವು ಹಾಕಿಕೊಳ್ಳಿ ಬಿಡಿ.

ಸೀಟಿಯ ಕತೆ ಬೇರೆ. ಅದು ಶುರುವಾದ ಮೇಲೆ ಊರಿನ ಕಟ್ಟೆಯ ಮೇಲೆ ಡಾಕ್ಟರುಗಳು ಹುಟ್ಟಿಕೊಂಡರು. ರಾಯಬಾಗದಿಂದ ಬಂದ ಬೀಗರು ಬ್ಯಾಟರಿ ವೀಕ್ ಅಂದರು. ಅಥಣಿಯ ಅಳಿಯಂದಿರು ಚೀನಾ ಮಾಲು ಅಂದರು. ಒಬ್ಬರು ಮೋಲ್ಡಿಗೆ ಕೊಬ್ಬರಿ ಎಣ್ಣೆ ಸವರಿ ನೋಡಿ ಅಂದರು, ಇನ್ನೊಬ್ಬರು ಕಿವಿಗೇ ಎಣ್ಣೆ ಬಿಡಿ ಅಂದರು. ನಿಜ ಹೇಳಿದವನು ಯಾರೂ ಲೆಕ್ಕಕ್ಕೆ ಇಟ್ಟಿರದ ಡಾಲ್ಬಿ ಹುಡುಗ. "ಕಾಕಾ, ಮೈಕ್ ಹಿಡಕೊಂಡ ಬಾಕ್ಸಿನ ಮುಂದ ನಿಂತರ ಏನಾಗತೈತಿ? ಕುಂಯ್ ಅಂತೈತಿಲ್ಲ? ನಿಮ್ಮ ಕಿವ್ಯಾಗೂ ಅದ ಆಗೇತಿ. ಎಲ್ಲೋ ಸೋರಾಕತ್ತೈತಿ."

ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ. ಕಿವಿಯ ಹಿಂದೆ ಕೂರುವ ಮಷಿನ್ನಿನಲ್ಲಿ ಒಂದು ಮೈಕು, ಒಂದು ಪುಟಾಣಿ ಸ್ಪೀಕರು. ದೊಡ್ಡದಾದ ಸದ್ದು ಕೊಕ್ಕೆ, ನಳಿಗೆ, ಮೋಲ್ಡು ದಾಟಿ ಕಿವಿಯೊಳಗೆ ಇಳಿಯಬೇಕು. ಮೋಲ್ಡಿಗೂ ಕಿವಿಯ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಸಿಕ್ಕರೆ ಸಾಕು, ಸದ್ದು ಹೊರಗೆ ನುಸುಳಿ ಎರಡು ಬೆರಳು ದೂರದಲ್ಲಿರುವ ಮೈಕಿಗೆ ಮತ್ತೆ ಹೊಗುತ್ತದೆ. ಮಷಿನ್ನು ಅದನ್ನು ಇನ್ನಷ್ಟು ದೊಡ್ಡದು ಮಾಡಿ ಒಳಗೆ ಕಳಿಸುತ್ತದೆ, ಅದು ಮತ್ತೆ ಸೋರುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು ಹೊಡೆದೂ ಹೊಡೆದೂ ಕೊನೆಗೆ ಕುಂಯ್. ಗೋಡೆಗೋ ದಿಂಬಿಗೋ ಒರಗಿದರೆ, ರುಮಾಲು ಕಿವಿ ಮುಚ್ಚುವಂತೆ ಸುತ್ತಿದರೆ, ಸೋರಿದ ಸದ್ದು ಅಲ್ಲಿ ತಾಗಿ ಬಲುಬೇಗ ಹಿಂದಿರುಗುತ್ತದೆ. ಬಸ್ಸಿನ ಗಾಜು ಮಾಡಿದ್ದೂ ಇದನ್ನೇ.

ಈ ಸುತ್ತಾಟವನ್ನು ವಿವರಿಸಿ ಹೆಸರಾದವನು ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್. ಯುರೋಪಿನ ಹಲವು ಕಡೆ ಇದನ್ನು ಇಂದಿಗೂ ಲಾರ್ಸೆನ್ ಪರಿಣಾಮ ಅನ್ನುತ್ತಾರೆ. ಸೋರುವುದನ್ನು ಸೋರೆನ್ನನೇ ಹೇಳಬೇಕಾಗಿ ಬಂದದ್ದು ನೋಡಿ. ಕಿವಿ ಮಷಿನ್ನಿಗೂ ಡೆನ್ಮಾರ್ಕು ತವರುಮನೆಯಿದ್ದಂತೆ. ಹ್ಯಾನ್ಸ್ ಡಿಮಾಂಟ್ ಅನ್ನುವವನು ಕಿವಿ ಕೇಳದ ತನ್ನ ಹೆಂಡತಿಗೆ ಮಷಿನ್ನು ಹುಡುಕುತ್ತ ಹೋಗಿ 1904ರಲ್ಲಿ ಕಂಪನಿಯನ್ನೇ ತೆಗೆದ, ಅದೇ ಇವತ್ತಿನ ಓಟಿಕಾನ್. ಇದನ್ನು ಕಾಕೂಗೆ ಹೇಳಿದೆ. ಅವಳು ಮಿಶ್ರಿ ಉಜ್ಜುತ್ತಿದ್ದವಳು ಬೆರಳು ತೆಗೆದು, "ಹೆಂಡತಿ ಮಾತ ಕೇಳಲಿ ಅಂತಲ್ಲ, ಹೆಂಡತಿಗೆ ತನ್ನ ಮಾತ ಕೇಳಸಲಿ ಅಂತ ತಗದಾನವಾ" ಅಂದಳು. ನೂರು ವರ್ಷದ ಮೇಲಿನ ದಾಂಪತ್ಯ ಪ್ರೇಮ ಒಂದೇ ಮಾತಿಗೆ ನೆಲ ಕಚ್ಚಿತು.

ಸೋರುವುದು ಎಲ್ಲಿ ಅಂತ ಹುಡುಕಬೇಕಲ್ಲ. ಇಲ್ಲಿ ನನಗೆ ಅಥಣಿಯ ಕಾಲ್ಮರಿ ನೆನಪಾಗುತ್ತದೆ. ಕೊಲ್ಲಾಪುರಿ ಅನ್ನುವ ಹೆಸರು ಹೊತ್ತು ಜಗತ್ತು ತಿರುಗುವ ಚಪ್ಪಲಿಗಳಲ್ಲಿ ಅಥಣಿಯ ಕೈಗಳು ಹೊಲಿದವೂ ಇವೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳು ಪಾಲು ಪಡೆದವು. ಹೊಸ ಕಾಲ್ಮರಿ ನಾಲ್ಕು ದಿನ ಕಚ್ಚುತ್ತದೆ. ಎಣ್ಣೆ ಸವರಿ ಹಾಕಿಕೊಂಡು ತಿರುಗಿದರೆ ಚರ್ಮವೇ ಕಾಲಿನ ಮಾತು ಕೇಳಿ ಒಗ್ಗಿಕೊಳ್ಳುತ್ತದೆ. ಕಾಕಾ ಮೋಲ್ಡೂ ಹಾಗೇ ಅಂದುಕೊಂಡ. ಮೋಲ್ಡಿನ ಗಟ್ಟಿ ಅಕ್ರಿಲಿಕ್ಕು ಚರ್ಮವಲ್ಲ, ವರ್ಷಗಟ್ಟಲೆ ಹಾಕಿಕೊಂಡರೂ ಅದು ಕಿವಿಗೆ ಒಗ್ಗುವುದಿಲ್ಲ. ಕಿವಿಯೇ ಹುಣ್ಣಾಗಿ ಸೋಲಬೇಕು. ಹದಿನೈದು ದಿನ ಕಚ್ಚಿಸಿಕೊಂಡ ಕಾಕಾ ಒಂದು ದಿನ ಬಡಗಿಯ ಹತ್ತಿರ ಹೋಗಿ ಕಾನಸ, ಅಂದರೆ ಅರ, ತಂದ. ಮರಾಠಿಯಲ್ಲಿ ಕಾನ ಅಂದರೆ ಕಿವಿ ನಿಜ, ಹಾಗಂತ ಕಾನಸ ಕಿವಿಯ ಹತ್ಯಾರ ಅಲ್ಲ. ಎಲ್ಲಿ ನೋಯುತ್ತದೋ ಅಲ್ಲಿ ಕರ್ ಕರ್ ಉಜ್ಜಿದ. ನೋವು ಹೋಯಿತು. ಅವತ್ತು ಸಂಜೆ ಸೀಟಿ ಹೆಚ್ಚಾಯಿತು.

ನೋವಿದ್ದಾಗ ಕಿವಿಯನ್ನೇ ತೋರಿಸಬೇಕು, ಮೋಲ್ಡನ್ನಲ್ಲ. ಕೆಂಪಾದ ಜಾಗ ನೋಡಿ ಬಲ್ಲವರು ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ ಸವರುತ್ತಾರೆ.

ಮುಂದಿನ ಚಿಕಿತ್ಸೆ ಕಾಕೂನದು. ಮೋಲ್ಡನ್ನು ಬೆಳಕಿಗೆ ಹಿಡಿದು ನೋಡಿದಳು, ಉದ್ದಕ್ಕೂ ಎರಡು ತೂತು. ಒಂದು ಸದ್ದು ಬರುವುದು, ಇನ್ನೊಂದು ಯಾಕೆ? "ನೋಡ, ತೂತ ಬಿದ್ದೈತಿ, ಅದಕ್ಕ ಸೋರತೈತಿ" ಅಂತ ಮೇಣದ ಬತ್ತಿ ಹಚ್ಚಿ ಎರಡು ಹನಿ ಬಿಟ್ಟು ಮುಚ್ಚಿಯೇಬಿಟ್ಟಳು. ಸೀಟಿ ನಿಜಕ್ಕೂ ಅರ್ಧಕ್ಕರ್ಧ ಇಳಿಯಿತು! ಕಾಕೂ ಓಣಿಯೆಲ್ಲ ಹೇಳಿಕೊಂಡು ಬಂದಳು. ಇತ್ತ ಕಾಕಾ ಪಿಸುಗುಟ್ಟಲು ಶುರು ಮಾಡಿದ. ಎತ್ತಿಗೆ ಬೈದರೂ ಪಿಸುಪಿಸು, ಕಬ್ಬಿನ ಬಿಲ್ಲಿಗೆ ಜಗಳ ಆಡಿದರೂ ಪಿಸುಪಿಸು. ಕೇಳಿದರೆ, "ನಂದ ಧ್ವನಿ ನನಗ ಹರವ್ಯಾಗ ಬಾಯಿ ಹಾಕಿ ಒದರಿದಂಗ ಆಗತೈತಿ" ಅಂದ. ಆ ಎರಡನೇ ತೂತು ಇದ್ದದ್ದೇ ಅದಕ್ಕೆ. ಕಿವಿಯನ್ನು ಗಟ್ಟಿಯಾಗಿ ಮುಚ್ಚಿದಾಗ ನಮ್ಮದೇ ದನಿ ಎಲುಬಿನ ಮೂಲಕ ಬಂದು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಗುಂಯ್‌ಗುಡುತ್ತದೆ, ಅದಕ್ಕೊಂದು ಕಿಟಕಿ ಬೇಕು. ಕಿಟಕಿ ದೊಡ್ಡದಾದರೆ ಸೀಟಿ, ಚಿಕ್ಕದಾದರೆ ಹರವಿ. ಒಟ್ಟಿನಲ್ಲಿ ಆ ಎಂಟು ದಿನ ಕಾಕಾನಿಗೆ ನಾವು ಹೇಳಿದ್ದು ಕೇಳುತ್ತಿತ್ತು, ಕಾಕಾ ಹೇಳಿದ್ದು ನಮಗೆ ಕೇಳುತ್ತಿರಲಿಲ್ಲ. ಮನೆಯವರೆಲ್ಲರಿಗೂ ಮಷಿನ್ನು ತರಬೇಕಾಗುತ್ತದೇನೋ ಅನ್ನಿಸಿಬಿಟ್ಟಿತು.

ಕೊನೆಗೆ ಮಿರಜ. ನಮ್ಮ ಕಾಗವಾಡದ ಕಡೆಯವರಿಗೆ ಮೈಯಲ್ಲಿ ಏನೇ ಕೆಟ್ಟರೂ ಮ್ಹೈಸಾಳ ದಾಟಿ ಮಿರಜಕ್ಕೆ ಹೋಗುವುದು ಅಜ್ಜನ ಕಾಲದ ರೂಢಿ. ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಅಲ್ಲಿ ದವಾಖಾನೆ ಕಟ್ಟಿದಂದಿನಿಂದ ಗಡಿಯ ಗೆರೆ ಎಲ್ಲಿ ಎಳೆದರೂ ನಮ್ಮ ರೋಗಗಳು ಅದನ್ನು ಲೆಕ್ಕಿಸಿಲ್ಲ. ಮೊದಲ ಮೋಲ್ಡಿನ ಅಳತೆ ಯಾವ ಊರಲ್ಲಿ ಯಾರು ತೆಗೆದರು ಅನ್ನುವುದು ಬೇಡ ಬಿಡಿ. ಎರಡು ನಿಮಿಷದಲ್ಲಿ ಮುಗಿಸಿ ರೊಕ್ಕ ಎಣಿಸಿಕೊಂಡರು ಅಂತ ಮಾತ್ರ ಕಾಕಾ ಹೇಳುತ್ತಾನೆ.

ಮಿರಜದ ಕಿವಿ ತಪಾಸಣೆಯ ಮೇಡಂ ಮರಾಠಿಯಲ್ಲಿ ಕೇಳಿದರು, ಕಾಕಾ ಕನ್ನಡದಲ್ಲಿ ಹೇಳಿದ, ಇಬ್ಬರಿಗೂ ಎಲ್ಲ ತಿಳಿಯಿತು. ಮೊದಲು ದೀಪ ಹಿಡಿದು ಕಿವಿಯೊಳಗೆ ನೋಡಿದರು. ಗುಗ್ಗೆ ತುಂಬಿಕೊಂಡಿದ್ದರೂ ಸದ್ದು ಅದಕ್ಕೆ ಬಡಿದು ವಾಪಸಾಗಿ ಸೀಟಿ ಹೊಡೆಯುತ್ತದಂತೆ, ಆದರೆ ಕಿವಿ ಚೊಕ್ಕ ಇತ್ತು. ಕಾಕಾ ಹಾಕಿಕೊಳ್ಳುವ ಬಗೆ ನೋಡಿದರು. ಮೋಲ್ಡಿನ ಮೇಲ್ತುದಿಯನ್ನು ಕಿವಿಯ ಮೇಲಿನ ಮಡಿಕೆಯೊಳಗೆ ಸಿಕ್ಕಿಸದೆ ಹಾಗೇ ಹೊರಗೆ ಬಿಟ್ಟಿದ್ದ. ಅದನ್ನು ಬೆರಳಿಂದ ಒಳಗೆ ತಿರುಪಿದರು, ಸೀಟಿ ಸ್ವಲ್ಪ ತಗ್ಗಿತು. ಆಮೇಲೆ ಮೋಲ್ಡು ಹೊರಗೆ ತೆಗೆದು, ಮಷಿನ್ ಚಾಲೂ ಇಟ್ಟು, ಸದ್ದು ಬರುವ ತೂತನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿದರು. ಸೀಟಿ ನಿಂತಿತು. ಹಾಗಾದರೆ ಮಷಿನ್ನು, ಕೊಕ್ಕೆ, ನಳಿಗೆ ಎಲ್ಲ ಸಾಚಾ, ಕಳ್ಳ ಇರುವುದು ಮೋಲ್ಡು-ಕಿವಿಯ ನಡುವೆ. ಮುಚ್ಚಿದ ಮೇಲೂ ಕುಂಯ್ ಅಂದಿದ್ದರೆ ನಳಿಗೆ ಬಿಚ್ಚಿ ಕೊಕ್ಕೆಯ ತುದಿ ಮುಚ್ಚುವುದು. ಆಗ ನಿಂತರೆ ನಳಿಗೆಯಲ್ಲಿ ಬಿರುಕು, ಆಗಲೂ ನಿಲ್ಲದಿದ್ದರೆ ಕೊಕ್ಕೆಯದೋ ಮಷಿನ್ನಿನದೋ ಖೋಟಿ. ಅರ್ಧ ನಿಮಿಷದ ಈ ಹೆಬ್ಬೆರಳಿನ ಪರೀಕ್ಷೆ ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಸಾವಿರಾರು ರೂಪಾಯಿಯ ಮಷಿನ್ನುಗಳು ಟ್ರಂಕಿನೊಳಗೆ ಲಗ್ನಪತ್ರಿಕೆಗಳ ಕೆಳಗೆ ಮಲಗಿವೆಯೋ! ನಳಿಗೆಯೂ ಬೆವರು ಬಿಸಿಲಿಗೆ ಕೆಲವು ತಿಂಗಳಲ್ಲಿ ಹಳದಿಯಾಗಿ ಸೆಟೆದುಕೊಳ್ಳುತ್ತದೆ. ಆಗ ಬದಲಿಸಬೇಕಾದದ್ದು ಆ ಬೆರಳುದ್ದದ ಪ್ಲಾಸ್ಟಿಕ್ಕನ್ನು, ಮಷಿನ್ನನ್ನಲ್ಲ.

ಇಷ್ಟಾಗಿಯೂ ಒಂದು ಒಗಟು ಉಳಿಯಿತು. ಬಾಯಿ ಮುಚ್ಚಿಕೊಂಡು ಕೂತರೆ ಕಾಕಾನ ಕಿವಿ ಗಪ್‌ಚಿಪ್. ಮನೆಯಲ್ಲಿ ಮಾತ್ರ ದಿನವಿಡೀ ಸೀಟಿ. ಮೇಡಂ ಕೇಳಿದರು, ಮನೆಯಲ್ಲಿ ಏನು ಮಾಡುತ್ತೀರಿ? ಏನೂ ಇಲ್ಲ, ಸುಮ್ಮನೆ ಕೂತಿರುತ್ತೇನೆ ಅಂದ ಕಾಕಾ. ಹಾಗೆ ಕೂತು ತೋರಿಸಿ ಅಂದರು. ಕಾಕಾ ಸಂಕೋಚದಿಂದ ಚಂಚಿ ಬಿಚ್ಚಿದ. ಅಂಗೈಯಲ್ಲಿ ತಂಬಾಕು, ಅದಕ್ಕೆ ಉಗುರಿನಷ್ಟು ಸುಣ್ಣ, ತಿಕ್ಕಿ, ತಟ್ಟಿ, ದವಡೆಗೆ ಇಟ್ಟು ಒಂದು ಸಲ ಅಗಿದ. ಕುಂಯ್! ಇನ್ನೊಂದು ಸಲ. ಕುಂಯ್! ಮೇಡಂ ಕುರ್ಚಿಯಲ್ಲಿ ನಕ್ಕು ನಕ್ಕು ಸಾಕಾದರು.

ನಂಬದಿದ್ದರೆ ಕಿರುಬೆರಳನ್ನು ಮೆಲ್ಲಗೆ ಕಿವಿಯ ಬಾಯಿಗೆ ಇಟ್ಟುಕೊಂಡು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಗೋಡೆ ಸರಿದಾಡುತ್ತದೆ. ದವಡೆಯ ಕೀಲು ಕಿವಿಯ ಓಣಿಗೆ ಅಂಟಿಕೊಂಡೇ ಇರುವುದರಿಂದ ಬಾಯಿ ತೆರೆದಾಗಲೆಲ್ಲ ಓಣಿ ಅಗಲವಾಗುತ್ತದೆ, ಕೆಲವರಲ್ಲಿ ಕಮ್ಮಿ, ಕೆಲವರಲ್ಲಿ ಜಾಸ್ತಿ. ಕಾಕಾನ ಮೊದಲ ಅಳತೆ ತೆಗೆದದ್ದು ಬಾಯಿ ಮುಚ್ಚಿಸಿ. ಬಾಯಿ ಮುಚ್ಚಿದ ಕಾಕಾನ ಕಿವಿಗೆ ಹೊಂದುವ ಮೋಲ್ಡು ಅದು. ಅಂಥ ಕಾಕಾನನ್ನು ಕಂಡವರು ನಮ್ಮೂರಲ್ಲಿ ಯಾರಿದ್ದಾರೆ?

ಹೊಸ ಅಳತೆಗೆ ಮೇಡಂ ದಾರ ಕಟ್ಟಿದ ಅರಳೆಯ ಉಂಡೆಯನ್ನು ಓಣಿಯ ಎರಡನೇ ತಿರುವು ದಾಟಿಸಿ ಕೂರಿಸಿದರು. ಲೇಪ ಕಿವಿಪರದೆಯ ತನಕ ಹೋಗದಂತೆ ಅದು ಅಡ್ಡಗಟ್ಟೆ. ಆಮೇಲೆ ಪಿಚಕಾರಿಯಿಂದ ಮೆತ್ತಗಿನ ಸಿಲಿಕೋನ್ ತುಂಬಿದರು. ಅದು ಗಟ್ಟಿಯಾಗುವ ತನಕ ಬಾಯಿ ತೆರೆಯಿರಿ, ಮುಚ್ಚಿರಿ, ಅಗಿಯುವಂತೆ ಮಾಡಿರಿ. ಕಾಕಾಗೆ ಇಷ್ಟು ಸುಲಭದ ಚಿಕಿತ್ಸೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಹೊರಗೆ ಎಳೆದ ಅಚ್ಚು ನೋಡಿ, "ಇದೇನ್ರಿ ಹಸೀ ಶುಂಠಿ ಇದ್ದಂಗ ಐತಿ" ಅಂದ. ಆ ಶುಂಠಿ ಕಾರ್ಖಾನೆಗೆ ಹೋಗಿ ಈ ಸಲ ಮೆತ್ತಗಿನ ಸಿಲಿಕೋನ್ ಮೋಲ್ಡಾಗಿ, ಸಣ್ಣ ಕಿಟಕಿಯೊಂದಿಗೆ, ಕೆಲವು ದಿನಕ್ಕೆ ವಾಪಸು ಬಂತು. ಮಷಿನ್ನಿಗೂ ಸೋರಿದ ಸದ್ದನ್ನು ಗುರುತಿಸಿ ಅದಕ್ಕೆ ಉಲ್ಟಾ ಸದ್ದು ಹುಟ್ಟಿಸಿ ಅಳಿಸುವ ಬುದ್ಧಿ ಇತ್ತು, ಅದನ್ನೂ ಹದ ಮಾಡಿದರು. ಆ ಬುದ್ಧಿ ಸಣ್ಣ ಸೋರಿಕೆಗೆ ಮಾತ್ರ; ಒಡೆದ ಕಾಲುವೆಗೆ ಬೊಗಸೆ ಮಣ್ಣು ಎಷ್ಟು ಕಾಲ ತಡೆದೀತು?

ಮೋಲ್ಡು ತರಲು ಹೋದ ದಿನ ಕಾಕಾ ಮಿರಜದ ತಂಬೂರಿ ಮಾಡುವವರ ಗಲ್ಲಿಗೆ ನುಗ್ಗಿದ. ಭಜನೆ ಮೇಳದವನಲ್ಲವೇ. ಜವಾರಿ ಅಂದರೆ ನಮಗೆ ಕೋಳಿ, ಜೋಳ, ಬದನೆಕಾಯಿ. ಅವರಿಗೆ ತಂಬೂರಿಯ ಕುದುರೆಯ ಮೇಲೆ ತಂತಿ ಹೂವಿನಂತೆ ಅರಳಿ ಝೇಂಕರಿಸುವ ಗುಣ. ತಂತಿಯ ಕೆಳಗೆ ನೂಲಿನೆಳೆ ಇಟ್ಟು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸುತ್ತ ಆ ಹಿರಿಯರು ಝೇಂಕಾರ ಹುಡುಕುತ್ತಿದ್ದರು. ಕೂದಲೆಳೆಯಷ್ಟು ಸಂದು ಅಲ್ಲಿ ನಾದ ತರುತ್ತಿತ್ತು, ಇಲ್ಲಿ ಮರ್ಯಾದೆ ಕಳೆಯುತ್ತಿತ್ತು. ಕಾಕಾ ಕಿವಿ ಕೊಟ್ಟು ಕೇಳಿದ, ಮುಖ ಹುಳ್ಳಗಾಯಿತು. "ತಂಬೂರಿ ಯಾಕೋ ನಡಗಾಕತ್ತೈತಿ" ಅಂದ. ತಂಬೂರಿ ಸರಿಯಾಗೇ ಇತ್ತು. ಒಂದೇ ಸಮನೆ ಎಳೆದ ಸ್ವರ ಕೇಳಿದ ಮಷಿನ್ನು ಅದನ್ನೂ ತನ್ನದೇ ಸೀಟಿ ಅಂತ ಬಗೆದು ಅಳಿಸಲು ಹೊರಟಿತ್ತು. ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಹಾಕಿಸಲು ಮತ್ತೆ ಮೇಡಂ ಹತ್ತಿರ.

ಆ ದಿನ ಅಲ್ಲಿ ಎರಡು ವರ್ಷದ ಒಂದು ಮಗು ಕೂತಿತ್ತು, ಎರಡೂ ಕಿವಿಗೆ ಬಣ್ಣದ ಮೋಲ್ಡು. ಆರು ತಿಂಗಳಲ್ಲಿ ಇದು ಮೂರನೆಯ ಜೋಡಿ ಅಂತ ಅದರ ತಾಯಿ ಅಂದಳು. ಅಂಗಿ ಗಿಡ್ಡವಾದ ಹಾಗೆ ಮಕ್ಕಳ ಕಿವಿಗೆ ಮೋಲ್ಡು ಸಣ್ಣದಾಗುತ್ತ ಹೋಗುತ್ತದೆ. ಸೀಟಿ ಬಂತೆಂದು ತಂದೆತಾಯಿ ವಾಲ್ಯೂಮ್ ಇಳಿಸಿಬಿಟ್ಟರೆ ಮಾತು ಕಲಿಯುವ ವಯಸ್ಸಿನಲ್ಲೇ ಮಗುವಿಗೆ ಮಾತು ಕೇಳದೆ ಹೋಗುತ್ತದೆ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮೋಲ್ಡನ್ನೂ ಮಾಡಿಕೊಡುತ್ತಾರೆ. ಆದರೆ ಕಾಗವಾಡದಿಂದ ಮೈಸೂರು ಅಂದರೆ ಕರ್ನಾಟಕದ ಈ ತುದಿಯಿಂದ ಆ ತುದಿ. ಮಗುವಿನ ಕಿವಿ ಅಷ್ಟು ದೂರದ ಟಿಕೆಟ್ಟಿಗೆ ಕಾಯುತ್ತ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಕಾಕಾ ಆ ಮಗುವಿನ ಕಡೆ ನೋಡಿ ತನ್ನ ಕಿವಿ ಮುಟ್ಟಿ ತೋರಿಸಿದ, ಅದು ತನ್ನ ಕಿವಿ ಮುಟ್ಟಿ ತೋರಿಸಿತು. ಇಬ್ಬರೂ ಬಹಳ ಹೊತ್ತು ಹಾಗೇ ಮಾತಾಡಿಕೊಂಡರು.

ಈಗ ಕಾಕಾಗೆ ಎಲ್ಲ ಕೇಳುತ್ತದೆ. ಅದೇ ಹೊಸ ಪಿರಿಪಿರಿ. ಇಪ್ಪತ್ತು ವರ್ಷದಿಂದ ಕಾಕೂ ಅವನ ಬೆನ್ನ ಹಿಂದೆ ಗೊಣಗಿಕೊಂಡು ಬಂದದ್ದರ ಬಾಕಿಯೆಲ್ಲ ಬಡ್ಡಿ ಸಮೇತ ಜಮಾ ಆಗುತ್ತಿದೆ. ತಾಳಲಾರದೆ ಕಾಕಾ ಒಂದು ಉಪಾಯ ಕಂಡುಕೊಂಡಿದ್ದಾನೆ. ಕಾಕೂನ ಮಾತು ರೊಕ್ಕದ ಕಡೆಗೋ ತಂಬಾಕಿನ ಕಡೆಗೋ ಹೊರಳಿತೆಂದರೆ ಅಂಗೈಯನ್ನು ಬಟ್ಟಲಿನಂತೆ ಕಿವಿಯ ಮೇಲೆ ಕವುಚುತ್ತಾನೆ. ಅಷ್ಟು ಚೆಂದದ ಮೋಲ್ಡು ಕೂಡ ಆಗ ಕುಂಯ್ ಅನ್ನುತ್ತದೆ. "ಅಯ್ಯ, ಮತ್ತ ಕೆಟ್ಟಿತೇನ್ರಿ?" ಅಂತ ಕಾಕೂ ಮಾತು ನಿಲ್ಲಿಸುತ್ತಾಳೆ. ಈ ಗುಟ್ಟು ನನಗೆ ಗೊತ್ತು, ಕಾಕೂಗೆ ಗೊತ್ತಿಲ್ಲ. ಅವಳು ಓದುಬರಹ ಕಲಿಯದವಳು ಅನ್ನುವ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ. ಮೊಮ್ಮಗ ಓದಿ ಹೇಳಿದರೆ ನನ್ನ ಕಿವಿಗೆ ಅಪಾಯ.

ಹಳೆಯ ಮೋಲ್ಡನ್ನು ಅವಳು ಎಸೆಯಲಿಲ್ಲ. ಅಷ್ಟು ರೊಕ್ಕ ಕೊಟ್ಟದ್ದಲ್ಲವೇ. ಮೊದಲಿನಿಂದಲೂ ಅದಕ್ಕೆ ಬೂಚು ಅಂತಲೇ ಅನ್ನುತ್ತಿದ್ದವಳು, ಈಗ ಕುಸುಬಿ ಎಣ್ಣೆಯ ಬಾಟಲಿಗೆ ಜಡಿದಿದ್ದಾಳೆ. ಮೊನ್ನೆ ಹೋದಾಗ ಬಾಟಲಿಯ ಸುತ್ತ ಎಣ್ಣೆಯ ಜಿಡ್ಡು ಕಂಡು ಕೇಳಿದೆ.

"ಏನ ಮಾಡಲೋ ಯಪ್ಪಾ," ಅಂದಳು, "ಇಲ್ಲೂ ಸೋರತೈತಿ. ಸೀಟಿ ಒಂದ ಹೊಡ್ಯಾಂಗಿಲ್ಲ."